ಕಾಲು ಸೆಕೆಂಡಿನ ಗುಡುಗು

ಮೊನ್ನೆ ರಾತ್ರಿ ಒಂದು ಕಿಕ್ ಡ್ರಮ್ಮಿನ, ಅಂದರೆ ಹಾಡಿಗೆ ತಾಳ ಹಾಕುವ ದೊಡ್ಡ ಡ್ರಮ್ಮಿನ, ಸದ್ದನ್ನು ಕಂಪ್ಯೂಟರಿನಲ್ಲಿ ಮೂರು ಸ್ಥಾಯಿ ಮೇಲಕ್ಕೇರಿಸಿ ಕೇಳಿದೆ. ‘ಧಬ್’ ಎನ್ನುತ್ತಿದ್ದದ್ದು ‘ಪ್ಯೂಂ’ ಎಂದಿತು! ಮಕ್ಕಳ ಆಟಿಕೆ ಬಂದೂಕಿನಿಂದ ಬರುತ್ತದಲ್ಲ, ಮೇಲಿನಿಂದ ಕೆಳಕ್ಕೆ ಜಾರುವ ಸಿಳ್ಳೆ, ಥೇಟ್ ಅದೇ. ನಂಬಲಾಗದೆ ಇನ್ನೊಮ್ಮೆ ಕೇಳಿದೆ, ಮತ್ತೊಮ್ಮೆ ಕೇಳಿದೆ. ಇಷ್ಟು ವರ್ಷ ಎದೆಗೆ ಗುದ್ದುವ ಪೆಟ್ಟು ಎಂದುಕೊಂಡಿದ್ದು ಪೆಟ್ಟೇ ಅಲ್ಲ. ಕಿವಿ ಹಿಡಿಯಲಾರದಷ್ಟು ವೇಗವಾಗಿ ಕೆಳಕ್ಕೆ ಧುಮುಕುವ ಒಂದು ಸ್ವರ!

ಅದೇ ಸದ್ದನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಎಡತುದಿಯಲ್ಲಿ ಒತ್ತೊತ್ತಾಗಿ ನಾಲ್ಕಾರು ಸಣ್ಣ ಅಲೆಗಳು. ಬಲಕ್ಕೆ ಸರಿದಂತೆಲ್ಲ ಅಲೆಗಳ ಹೊಟ್ಟೆ ಅಗಲವಾಗುತ್ತದೆ, ಕೊನೆಗೆ ನಿಧಾನವಾಗಿ ಬತ್ತಿ ಗೆರೆಯಾಗುತ್ತದೆ. ಶುರುವಿನಲ್ಲಿ ಸೆಕೆಂಡಿಗೆ ಕೆಲವು ನೂರು ಕಂಪನ, ಕಣ್ಣು ಮಿಟುಕಿಸುವುದರೊಳಗೆ 50ರ ಆಸುಪಾಸು. ತಬಲಾ ನುಡಿಸುವವರು ಡಗ್ಗಾದ ಮೇಲೆ ಅಂಗೈ ಒತ್ತಿ ನಾದವನ್ನು ಬಾಗಿಸುವುದನ್ನು ಕೇಳಿದ್ದೀರಲ್ಲ? ಅಲ್ಲಿ ಆ ಜಾರು ಕಿವಿಗೆ ಸಿಗುತ್ತದೆ. ಇಲ್ಲಿ ಜಾರು ಎಷ್ಟು ಚುರುಕೆಂದರೆ ನಮ್ಮ ಮಿದುಳು ಅದನ್ನು ಸ್ವರವೆಂದು ಓದುವುದೇ ಇಲ್ಲ, ಹೊಡೆತ ಎಂದುಬಿಡುತ್ತದೆ.

ಈ ಕಿಕ್‌ನ ಕಥೆ ಹುಡುಕಿದರೆ ಜಪಾನಿಗೆ ಹೋಗಬೇಕು. ಇಕುತಾರೊ ಕಾಕೆಹಾಶಿ ಕಟ್ಟಿದ ರೋಲೆಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ಡ್ರಮ್ ಯಂತ್ರ ತಂದಿತು. ಅದರ ಕಿಕ್‌ನಲ್ಲಿ ಚರ್ಮವೂ ಇಲ್ಲ, ಮುದ್ರಿಸಿಟ್ಟ ಸದ್ದೂ ಇಲ್ಲ. ಪುಟ್ಟ ಸರ್ಕ್ಯೂಟೊಂದಕ್ಕೆ ವಿದ್ಯುತ್ತಿನ ಒಂದೇ ಒಂದು ತಟ್ಟು ಬೀಳುತ್ತದೆ, ಅದು ದೇವಸ್ಥಾನದ ಗಂಟೆಯ ಹಾಗೆ ಮೊಳಗಿ ತಾನಾಗಿ ಕರಗುತ್ತದೆ. ನಿಜವಾದ ಡ್ರಮ್ಮಿನ ಹಾಗಿಲ್ಲ ಎಂದು ಅನೇಕರು ಮೂಗು ಮುರಿದರು. ಸುಮಾರು 12,000 ಯಂತ್ರ ತಯಾರಿಸಿ 1983ರಲ್ಲಿ ನಿಲ್ಲಿಸಿದರು. ಅದೇ ವರ್ಷ ಬಂದ ಟಿಆರ್-909ರ ಕಿಕ್ ಇನ್ನೂ ಗಡುಸು. ಮೊದಲ ‘ಟಕ್’ ಎಷ್ಟಿರಬೇಕು, ಬಾಲ ಎಷ್ಟು ಉದ್ದ ಬೇಕು ಎನ್ನುವುದಕ್ಕೆ ಅದರಲ್ಲಿ ಬೇರೆಬೇರೆ ನಾಬ್‌ಗಳಿದ್ದವು. ಈ ಯಂತ್ರಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಾಗ ಶಿಕಾಗೊ ಮತ್ತು ಡೆಟ್ರಾಯಿಟ್‌ನ ಹುಡುಗರು ಅವುಗಳಿಂದ ಹೌಸ್, ಟೆಕ್ನೊ ಎಂಬ ಎರಡು ಸಂಗೀತ ಲೋಕಗಳನ್ನೇ ಎಬ್ಬಿಸಿ ನಿಲ್ಲಿಸಿದರು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಆಮೇಲಿನ ಸಂಗತಿ, ಕಂಪ್ರೆಸರ್.

ಕಂಪ್ರೆಸರ್ ಎಂದರೆ ಜೋರು ಸದ್ದನ್ನು ತಗ್ಗಿಸುವ ಸಾಧನ ಎಂದಷ್ಟೇ ತಿಳಿದಿದ್ದೆ. ನೀವು ಒಂದು ಗೆರೆ ಎಳೆಯುತ್ತೀರಿ, ಗೆರೆ ದಾಟಿದ್ದನ್ನು ಅದು ಅದುಮುತ್ತದೆ. 4:1 ಎಂದು ಇಟ್ಟರೆ ಗೆರೆಗಿಂತ 8 ಡೆಸಿಬೆಲ್ ಮೇಲೆ ಹಾರಿದ ಸದ್ದು 2 ಡೆಸಿಬೆಲ್‌ನಲ್ಲಿ ನಿಲ್ಲುತ್ತದೆ. ಲೆಕ್ಕ ಇಷ್ಟೇ. ಚಮತ್ಕಾರ ಇರುವುದು ಈ ಲೆಕ್ಕದಲ್ಲಲ್ಲ, ಅದರ ತಡದಲ್ಲಿ! ಅದುಮುವ ಕೈ ಪೂರ್ತಿ ಇಳಿಯಲು ಹಿಡಿಯುವ ಸಮಯಕ್ಕೆ ಅಟ್ಯಾಕ್ ಎನ್ನುತ್ತಾರೆ. ಅದನ್ನು 30 ಮಿಲಿಸೆಕೆಂಡಿಗೆ ಇಟ್ಟೆ. ಕೈ ಇಳಿಯುವಷ್ಟರಲ್ಲಿ ಕಿಕ್‌ನ ಮೊದಲ ‘ಟಕ್’ ಪಾರಾಗಿ ಹೋಗಿತ್ತು, ಅಮುಕಿಸಿಕೊಂಡದ್ದು ಹಿಂದೆ ಬಂದ ಗುಮ್ಮೆನ್ನುವ ಮೈ ಮಾತ್ರ. ಮೈ ತಗ್ಗಿದ್ದರಿಂದ ತಲೆ ಎದ್ದು ಕಂಡಿತು. ಸದ್ದು ತಗ್ಗಿಸುವ ಸಾಧನದಿಂದಲೇ ಪೆಟ್ಟು ಬಿರುಸಾಯಿತು!

ಅಟ್ಯಾಕನ್ನು 1 ಮಿಲಿಸೆಕೆಂಡಿಗೆ ಇಳಿಸಿದೆ. ಈಗ ‘ಟಕ್’ ಸದ್ದೇ ಸಿಕ್ಕಿಬಿತ್ತು, ಅದರ ಮೊನೆ ಸವೆಯಿತು. ಒಟ್ಟು ಸದ್ದನ್ನು ಮತ್ತೆ ಏರಿಸಿಕೊಂಡಾಗ ಅದೇ ಕಿಕ್ ಮೆತ್ತಗೆ, ದಪ್ಪಗೆ, ದಿಂಬಿನ ಮೇಲೆ ಗುದ್ದಿದ ಹಾಗೆ. ಒಂದೇ ನಾಬ್, 29 ಮಿಲಿಸೆಕೆಂಡಿನ ಅಂತರ, ಎರಡು ಬೇರೆಯೇ ವಾದ್ಯಗಳು. ನಾನಂತೂ ಕುರ್ಚಿಯಿಂದ ಎದ್ದೇಬಿಟ್ಟೆ.

ಇನ್ನು ಕೈ ಎತ್ತುವ ಸಮಯ, ರಿಲೀಸ್. ನಿಮಿಷಕ್ಕೆ 125 ಬಡಿತದ ಹಾಡಿನಲ್ಲಿ ಒಂದು ಕಿಕ್‌ಗೂ ಇನ್ನೊಂದಕ್ಕೂ ನಡುವೆ ಇರುವುದು 480 ಮಿಲಿಸೆಕೆಂಡು. ಅಷ್ಟರೊಳಗೆ ಕೈ ಎತ್ತದಿದ್ದರೆ ಮುಂದಿನ ಕಿಕ್‌ನ ತಲೆಯೂ ಅದರಡಿ ಸಿಕ್ಕುತ್ತದೆ, ಹಾಡಿನ ಉಸಿರು ಕಟ್ಟುತ್ತದೆ. ಹಾಗೆಂದು ತೀರಾ ಬೇಗ ಎತ್ತಿದರೋ? ಸೆಕೆಂಡಿಗೆ 50 ಕಂಪನದ ನಾದದಲ್ಲಿ ಒಂದೊಂದು ಅಲೆಗೆ 20 ಮಿಲಿಸೆಕೆಂಡು ಬೇಕು. ಅಟ್ಯಾಕ್, ರಿಲೀಸ್ ಎರಡೂ ಅದಕ್ಕಿಂತ ತುಂಬ ಚುರುಕಾದರೆ ಕಂಪ್ರೆಸರ್ ಹೊಡೆತವನ್ನು ಬಿಟ್ಟು ಒಂದೊಂದು ಅಲೆಯ ಹೊಟ್ಟೆಯನ್ನೇ ಹಿಂಡಲು ಶುರುಮಾಡುತ್ತದೆ. ಅಲೆ ಆಕಾರ ಕೆಡುತ್ತದೆ, ಕೆಟ್ಟ ಅಲೆಯಿಂದ ಮೂಲದಲ್ಲಿ ಇಲ್ಲದ ಹೊಸ ಕಂಪನಗಳು ಹುಟ್ಟುತ್ತವೆ.

ಕೆಡುಕು ಎಂದುಕೊಂಡಿರಾ? ಬೇಕೆಂದೇ ಕೆಡಿಸುತ್ತಾರೆ! ಮೊಬೈಲ್ ಫೋನಿನ ಉಗುರಗಲದ ಸ್ಪೀಕರ್ 50 ಕಂಪನದ ನಾದವನ್ನು ಹೊರಡಿಸಲಾರದು. ಆದರೆ ಅದರ ಅಪವರ್ತ್ಯಗಳಾದ ಮೇಲಿನ ಕಂಪನಗಳನ್ನು ಸೇರಿಸಿಕೊಟ್ಟರೆ, 200, 250, 300 ಇವುಗಳ ನಡುವಣ ಅಂತರ ನೋಡಿ ನಮ್ಮ ಮಿದುಳೇ ಇಲ್ಲದ 50ನ್ನು ಊಹಿಸಿಕೊಳ್ಳುತ್ತದೆ. ಬಸ್ಸಿನಲ್ಲಿ ಪಕ್ಕದವರ ಫೋನಿನಿಂದ ನಾವು ಕೇಳುವ ‘ಧಬ್’ ಗಾಳಿಯಲ್ಲಿ ಇರುವುದೇ ಇಲ್ಲ, ತಲೆಯೊಳಗೆ ತಯಾರಾಗುತ್ತದೆ. ಸ್ಯಾಚುರೇಷನ್ ಎಂದು ಕರೆಯುವ ಈ ಉಪಾಯ ಗೊತ್ತಾದ ದಿನ ನನಗೆ ಕಿವಿಯ ಬಗ್ಗೆಯೇ ಹೊಸ ಗೌರವ ಹುಟ್ಟಿತು.

ಇನ್ನೊಂದು ಬೆರಗು ಹೇಳದಿದ್ದರೆ ಈ ಬರಹ ಅರ್ಧವೇ. ಕಂಪ್ರೆಸರನ್ನು ಹಾಡಿನ ತಗ್ಗು ಸ್ವರಗಳ, ಅಂದರೆ ಬೇಸ್ ಮೇಲೆ ಕೂರಿಸಿ, ಅದರ ಕಿವಿಯನ್ನು ಮಾತ್ರ ಕಿಕ್ ಕಡೆಗೆ ತಿರುಗಿಸಬಹುದು. ಸೈಡ್‌ಚೈನ್ ಎನ್ನುವುದು ಇದನ್ನೇ. ಕಿಕ್ ಬಿದ್ದ ಕ್ಷಣ ಬೇಸ್ ತಾನಾಗಿ ತಗ್ಗಿ ದಾರಿ ಬಿಡುತ್ತದೆ, ಕಿಕ್ ಮುಗಿದೊಡನೆ ಉಕ್ಕಿ ಬರುತ್ತದೆ. ಸ್ವೀಡನ್ನಿನ ಎರಿಕ್ ಪ್ರಿಡ್ಜ್ ಅವರ ‘ಕಾಲ್ ಆನ್ ಮಿ’ (2004) ಹಾಕಿ ಕೇಳಿ. ಬಡಿತ ಬಡಿತಕ್ಕೂ ಇಡೀ ಹಾಡು ಹಿಂಜರಿದು ಮುನ್ನುಗ್ಗುತ್ತದೆ, ಎದೆಗೂಡು ಏರಿಳಿದ ಹಾಗೆ. ಕಿಕ್ ದೊಡ್ಡದಾಗಿ ಕೇಳಿಸುವುದು ಅದು ಜೋರಾಗಿರುವುದರಿಂದಲ್ಲ, ಉಳಿದವು ಜಾಗ ಕೊಟ್ಟಿದ್ದರಿಂದ.

ಆದರೆ ಇದನ್ನೆಲ್ಲ ಕೇಳುವಾಗ ಕೋಣೆಯ ಮಾತನ್ನು ಪೂರ್ತಿ ನಂಬಬೇಡಿ. ಸೆಕೆಂಡಿಗೆ 50 ಕಂಪನದ ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದ, ನಮ್ಮ ಮಲಗುವ ಕೋಣೆಗಳಿಗಿಂತ ದೊಡ್ಡದು. ಗೋಡೆಗೆ ಬಡಿದು ಮರಳಿ ಬಂದು ಒಂದು ಕಡೆ ಮಾಯವಾಗುತ್ತದೆ, ಮೂಲೆಯಲ್ಲಿ ಮೊರೆಯುತ್ತದೆ. ನಾನು ಕುರ್ಚಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದಾಗ ಅರ್ಧ ಕಿಕ್ ಕಾಣೆಯಾಯಿತು! ಹಾಗಾಗಿ ಒಳ್ಳೆಯ ಹೆಡ್‌ಫೋನ್ ಇರಲಿ.

ಇವತ್ತೇ ಮಾಡಿ ನೋಡಿ. ಕಿಕ್ಕೂ ಕಂಪ್ರೆಸರೂ ಇರುವ, ಸಂಗೀತ ತಯಾರಿಸುವ ಉಚಿತ ತಂತ್ರಾಂಶ ಯಾವುದಾದರೂ ಸಾಕು. ಅಟ್ಯಾಕನ್ನು 1ರಿಂದ 30ಕ್ಕೆ ಮೆಲ್ಲಗೆ ತಿರುಗಿಸುತ್ತ ಕಣ್ಣು ಮುಚ್ಚಿ ಕೇಳಿ. ಒಂದನ್ನು ಮರೆಯಬೇಡಿ. ಮೊದಲಿನದನ್ನೂ ನಂತರದ್ದನ್ನೂ ಒಂದೇ ಮಟ್ಟದ ಜೋರಿಗೆ ತಂದುಕೊಂಡು ಹೋಲಿಸಿ, ಯಾಕೆಂದರೆ ಕಿವಿಗೆ ಜೋರಾದದ್ದೇ ಸಾಮಾನ್ಯವಾಗಿ ಚೆನ್ನಾಗಿ ಕೇಳಿಸುತ್ತದೆ.