ಕಾಲುವೆ ಸೀಮೆಯ ಹುಲ್ಲು, ಎರಿ ಸೀಮೆಯ ಕಣಿಕೆ

ಗಂಗಾವತಿಯಿಂದ ಕುಷ್ಟಗಿ ಕಡೆ ಹೊರಟರೆ ದಾರಿಯಲ್ಲೇ ಬಣವೆಯ ಬಣ್ಣ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟುವಷ್ಟು ದೂರ ಭತ್ತದ ಹುಲ್ಲು. ಅದು ಮುಗಿದ ಮೇಲೆ ಬಿಳಿಜೋಳದ ಕಣಿಕೆ, ಸಜ್ಜೆ ಸೊಪ್ಪೆ, ಶೇಂಗಾ ಹೊಟ್ಟು. ಬರ ಬಿದ್ದ ವರ್ಷ ಯಲಬುರ್ಗಾದ ರೈತರೂ ಕಾಲುವೆ ಸೀಮೆಯ ಹುಲ್ಲನ್ನೇ ಟ್ರ್ಯಾಕ್ಟರಿನಲ್ಲಿ ತರಿಸಬೇಕಾಗುತ್ತದೆ. ತರಿಸುತ್ತಾರೆ, ಆದರೆ ಗೊಣಗುತ್ತಲೇ. ಕಣಿಕೆ ತಿಂದ ಆಕಳ ಹಾಲೇ ಬೇರೆ ಎಂಬ ಆ ಗೊಣಗಾಟದಲ್ಲಿ ಎಷ್ಟು ನಿಜವಿದೆ?

ಉತ್ತರ ಆಕಳ ಮೆಲುಕು ಚೀಲದಲ್ಲಿದೆ. ದೊಡ್ಡ ಆಕಳಲ್ಲಿ ಅದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ನಾರನ್ನು ಅರಗಿಸುವ ಕಿಣ್ವ ಆಕಳಿಗೆ ಸ್ವಂತದ್ದಿಲ್ಲ. ಆ ಕೆಲಸ ಚೀಲದೊಳಗಿನ ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳದು. ದೋಸೆ ಹಿಟ್ಟು ರಾತ್ರಿಯಿಡೀ ಹುದುಗುವಂತೆ ಮೇವು ಅಲ್ಲಿ ಹುದುಗುತ್ತದೆ, ಹುದುಗಿನಿಂದ ಬರುವ ಆಮ್ಲಗಳೇ ಆಕಳ ನಿಜವಾದ ಊಟ. ನಾರಿನಿಂದ ಹೆಚ್ಚಾಗಿ ಅಸಿಟಿಕ್ ಆಮ್ಲ ಬರುತ್ತದೆ, ಕೆಚ್ಚಲು ಅದರಿಂದ ಕೊಬ್ಬು ಕಟ್ಟುತ್ತದೆ. ಕಾಳು, ನುಚ್ಚು ಹೆಚ್ಚಾದಾಗ ಪ್ರೊಪಿಯಾನಿಕ್ ಆಮ್ಲದ ಪಾಲು ಏರುತ್ತದೆ. ಅದು ಯಕೃತ್ತಿನಲ್ಲಿ ಗ್ಲೂಕೋಸಾಗಿ, ಕೆಚ್ಚಲಲ್ಲಿ ಹಾಲಿನ ಸಕ್ಕರೆಯಾಗುತ್ತದೆ. ಈ ಸಕ್ಕರೆ ನೀರನ್ನು ಸೆಳೆಯುವುದರಿಂದ ಆಕಳು ಎಷ್ಟು ಲೀಟರು ಕೊಡುತ್ತದೆ ಎಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ.

ಹಾಲು ಏರಲೆಂದು ಮೇವು ಕಡಿಮೆ ಮಾಡಿ ಬುಟ್ಟಿಗಟ್ಟಲೆ ನುಚ್ಚು ಸುರಿದವರ ಹಾಲಿನ ಫ್ಯಾಟು, ಅಂದರೆ ಕೊಬ್ಬು, ಬೀಳುವುದು ಇದಕ್ಕೇ. ನಾರು ಕಡಿಮೆಯಾದರೆ ಮೆಲುಕು ಕಡಿಮೆ, ಮೆಲುಕು ಕಡಿಮೆಯಾದರೆ ಜೊಲ್ಲು ಕಡಿಮೆ. ಜೊಲ್ಲಿನಲ್ಲಿರುವ ಸೋಡಾ ಸಾಲದೆ ಚೀಲ ಹುಳಿಯಾಗಿ, ನಾರು ತಿನ್ನುವ ಜೀವಿಗಳು ಸೊರಗುತ್ತವೆ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಹೊಟ್ಟೆಬಿರಿಯ ತಿಂದ ದನ ಸಾಯುವುದೂ ಈ ಹುಳಿಯಿಂದಲೇ.

ಇನ್ನು ಹುಲ್ಲು, ಕಣಿಕೆಯ ಜಗಳ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಮರಳಿನಲ್ಲಿರುವುದೂ ಅದೇ ವಸ್ತು. ಅದು ಸೂಕ್ಷ್ಮಜೀವಿಗಳನ್ನು ನಾರಿನ ಹತ್ತಿರ ಬಿಡುವುದಿಲ್ಲ. ಹುಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರೋಟೀನು ಶೇ 3–4 ಅಷ್ಟೇ. ಹಿಂಗಾರಿ ಜೋಳದ ದಂಟಿನಲ್ಲಾದರೆ ಒಂದಿಷ್ಟು ಸಿಹಿಯಾದರೂ ಉಳಿದಿರುತ್ತದೆ. ಹೈದರಾಬಾದಿನ ಮೇವಿನ ಪೇಟೆಯಲ್ಲಿ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜೋಳದ ಕಣಿಕೆಯ ಮಾದರಿಗಳನ್ನು ಕೊಂಡು ಪರೀಕ್ಷಿಸಿದರು. ಒಳ್ಳೆಯ ಕಣಿಕೆಗೂ ಕಳಪೆಗೂ ಅರಗುವಿಕೆಯಲ್ಲಿ ಇದ್ದ ಅಂತರ ನೂರಕ್ಕೆ ಐದರಷ್ಟು ಮಾತ್ರ. ಬೆಲೆಯಲ್ಲಿ ಮಾತ್ರ ಹೆಚ್ಚುಕಡಿಮೆ ಕಾಲು ಭಾಗದ ವ್ಯತ್ಯಾಸ! ಪ್ರಯೋಗಾಲಯದ ವರದಿ ಕೈಗೆ ಬರುವ ಮೊದಲೇ ವ್ಯಾಪಾರಿಗಳು ದಂಟು ಮುರಿದು, ಬಣ್ಣ ನೋಡಿ ದರ ಕಟ್ಟಿಬಿಟ್ಟಿದ್ದರು. ಯಲಬುರ್ಗಾದ ಗೊಣಗಾಟವನ್ನು ನಾನಂತೂ ಹಗುರವಾಗಿ ತೆಗೆದುಕೊಳ್ಳಲಾರೆ.

ಹಾಗೆಂದು ಹುಲ್ಲನ್ನು ಗದ್ದೆಯಲ್ಲೇ ಸುಡಬೇಕಿಲ್ಲ. ನೂರು ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 40–60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ತಾಡಪಾಲಿನಿಂದ ಗಾಳಿಯಾಡದಂತೆ ಮೂರು ವಾರ ಮುಚ್ಚಿಡಬೇಕು. ಒಳಗೆ ಹುಟ್ಟುವ ಅಮೋನಿಯಾ ನಾರಿನ ಬಿಗಿ ಸಡಿಲಿಸುತ್ತದೆ, ಪ್ರೋಟೀನಿನ ಅಂಶ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಹರವಿ ಹಾಕಬೇಕು, ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು. ಕರಗದ ಯೂರಿಯಾ ದನದ ಬಾಯಿಗೆ ಬಿದ್ದರೆ ವಿಷ. ವಿಧಾನ ಹಳೆಯದು, ಅಗ್ಗದ್ದು, ಆದರೂ ಮಾಡುವವರು ವಿರಳ. ಸುಗ್ಗಿಯ ಹೊತ್ತಿನಲ್ಲಿ ಅಷ್ಟು ಹುಲ್ಲು ತುಳಿಯಲು ಆಳು ಎಲ್ಲಿದ್ದಾರೆ?

ಈ ಭಾಗದ ರಾಬಕೊವಿ ಹಾಲು ಒಕ್ಕೂಟಕ್ಕೆ ಹಾಲು ಕೊಡುವ ಹಳ್ಳಿ ಡೇರಿಗಳಲ್ಲಿ ಫ್ಯಾಟಿನ ಜೊತೆ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಕೂಡ ನೋಡುತ್ತಾರೆ. ಆಕಳ ಹಾಲಿಗೆ ರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ ಶೇ 3.2 ಕೊಬ್ಬು, ಶೇ 8.3 ಎಸ್‌ಎನ್‌ಎಫ್ ಇರಬೇಕು. ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ಬರಲಿಲ್ಲವೆಂದರೆ ಸಾಲಿನಲ್ಲಿ ನಿಂತವರೆಲ್ಲ ನೀರು ಬೆರೆಸಿದ್ದಾರೆಂದೇ ನಗುತ್ತಾರೆ. ಆದರೆ ಕಾರಣ ನೀರೊಂದೇ ಅಲ್ಲ. ಹೊಟ್ಟೆ ತುಂಬದ ಆಕಳು ಹಾಲಿನ ಪ್ರೋಟೀನನ್ನೇ ಕಡಿಮೆ ಮಾಡುತ್ತದೆ, ಕೆಚ್ಚಲು ಬಾವು ಬಂದರೆ ಹಾಲಿನ ಸಕ್ಕರೆ ಇಳಿಯುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಏದುಸಿರು ಬಿಡುತ್ತಾ ಮೇವು ಬಿಡುತ್ತದೆ. ಅದಕ್ಕೆ ಆಗ ಬೇಕಾದದ್ದು ನೆರಳು, ಯಾವಾಗ ಬೇಕಾದರೂ ಬಾಯಿಗೆ ಸಿಗುವ ನೀರು, ಬೆಳಗಿನ ಮತ್ತು ರಾತ್ರಿಯ ತಂಪಿನಲ್ಲಿ ಮೇವು. ಹಗ್ಗದ ಅಳತೆಯಲ್ಲಿ ಕಟ್ಟಿ, ಹೊತ್ತಿಗೆರಡು ಬಕೆಟ್ ನೀರು ತೋರಿಸುವ ನಮ್ಮ ಪದ್ಧತಿ ಈ ತಳಿಗೆ ಸಾಲದು.

ಮಳೆಗಾಲದಲ್ಲಿ ಬೂಸ್ಟು ಹಿಡಿದ ಶೇಂಗಾ ಹಿಂಡಿಯ ಕಥೆ ಬೇರೆ. ಆ ಬೂಸ್ಟಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ತಿಂದ ಒಂದು ದಿನದೊಳಗೆ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಫ್ಯಾಟು ನೋಡುವ ಯಂತ್ರಕ್ಕೆ ಅದು ಸಿಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಆ ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.