ನೀರು ಕುಡಿದರೂ ಬಾಯಿ ಆರುತ್ತಿದೆಯೇ? ಮಾತ್ರೆಗಳ ಡಬ್ಬಿ ನೋಡಿ

ಕನ್ನಡದಲ್ಲಿ ನೀರಡಿಕೆಗೆ ‘ಬಾಯಾರಿಕೆ’ ಎಂದೇ ಹೆಸರು. ಹಾಗಾಗಿ ಮನೆಯ ಹಿರಿಯರು ‘ಬಾಯಿ ಆರುತ್ತಿದೆ’ ಎಂದರೆ ಒಂದು ಲೋಟ ನೀರು ಕೊಟ್ಟು ಸುಮ್ಮನಾಗುವುದು ರೂಢಿ. ಆದರೆ ಇವೆರಡೂ ಒಂದೇ ಅಲ್ಲ. ನೀರು ಕುಡಿದು ಸಮಾಧಾನವಾದರೆ ಅದು ನೀರಡಿಕೆ. ಕುಡಿದ ಐದು ಹತ್ತು ನಿಮಿಷಕ್ಕೇ ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿಕೊಳ್ಳುತ್ತಿದ್ದರೆ, ರೊಟ್ಟಿಯ ತುತ್ತು ನೀರಿಲ್ಲದೆ ಇಳಿಯದಿದ್ದರೆ, ವಾರಗಟ್ಟಲೆ ಇದೇ ಸ್ಥಿತಿ ಇದ್ದರೆ, ಕೊರತೆ ಸಾಮಾನ್ಯವಾಗಿ ಜೊಲ್ಲಿನದು.

ಕಿವಿಯ ಮುಂದೆ, ದವಡೆಯ ಕೆಳಗೆ ಮತ್ತು ನಾಲಿಗೆಯ ಕೆಳಗೆ ಇರುವ ಮೂರು ಜೊತೆ ಗ್ರಂಥಿಗಳು ದಿನಕ್ಕೆ ಸುಮಾರು 0.5ರಿಂದ 1.5 ಲೀಟರ್ ಜೊಲ್ಲು ಸುರಿಸುತ್ತವೆ. ಅದು ಬಾಯಿಯ ಹುಳಿಯನ್ನು ತಗ್ಗಿಸುತ್ತದೆ, ಹಲ್ಲಿಗೆ ಸುಣ್ಣದ ಅಂಶ ಒದಗಿಸುತ್ತದೆ, ಬೂಷ್ಟನ್ನು ಹದ್ದಿನಲ್ಲಿಡುತ್ತದೆ. ಈ ಕೆಲಸವನ್ನು ಬರೀ ನೀರು ಮಾಡಲಾರದು. ಜೊಲ್ಲು ಕಡಿಮೆಯಾದವರ ಹಲ್ಲು ಒಸಡಿನ ಅಂಚಿನಲ್ಲಿ ಕೆಲವೇ ತಿಂಗಳಲ್ಲಿ ಹುಳುಕಾಗಬಹುದು. ಕಟ್ಟಿಸಿದ ಹಲ್ಲು ನಿಲ್ಲುವುದಿಲ್ಲ, ಬಾಯಿ ಉರಿಯುತ್ತದೆ, ಊಟವೇ ಕಡಿಮೆಯಾಗುತ್ತದೆ.

ಇದನ್ನು ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುವವರೇ ಹೆಚ್ಚು. ವಯಸ್ಸಿನ ಪಾಲು ಸಣ್ಣದು. ದೊಡ್ಡ ಪಾಲು ಮಾತ್ರೆಗಳದು. ನೆಗಡಿ, ತುರಿಕೆಗೆ ತೆಗೆದುಕೊಳ್ಳುವ ಕ್ಲೋರ್‌ಫೆನಿರಮಿನ್, ಸೆಟ್ರಿಜಿನ್. ನರದ ನೋವಿಗೋ ಖಿನ್ನತೆಗೋ ಕೊಡುವ ಅಮಿಟ್ರಿಪ್ಟಿಲಿನ್. ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್. ಬಿಪಿಗೆ ಕೊಡುವ ಕ್ಲೋನಿಡಿನ್. ಮೈಯ ನೀರು ಇಳಿಸುವ ಫ್ಯುರೊಸೆಮೈಡ್ - ಇವೆಲ್ಲ ಬಾಯಿ ಒಣಗಿಸಬಲ್ಲವು. ಒಂದೊಂದರಿಂದ ತೊಂದರೆ ಅಲ್ಪವಿದ್ದರೂ ಮೂರು ನಾಲ್ಕು ಕೂಡಿದಾಗ ಹೆಚ್ಚುತ್ತದೆ. ಹೃದಯದ ವೈದ್ಯರು ಒಂದು ಬರೆದಿರುತ್ತಾರೆ, ಮೂಳೆಯ ವೈದ್ಯರು ಇನ್ನೊಂದು. ನೆಗಡಿ ಮಾತ್ರೆ ಅಂಗಡಿಯಿಂದ ತಂದದ್ದು, ಅದನ್ನು ಯಾರಿಗೂ ಹೇಳಿಯೇ ಇರುವುದಿಲ್ಲ. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಒಬ್ಬ ವೈದ್ಯರ ಮುಂದಿಟ್ಟರೆ ಅರ್ಧ ಉತ್ತರ ಸಿಕ್ಕಂತೆ. ಆದರೆ ತಾವಾಗಿಯೇ ಯಾವುದನ್ನೂ ನಿಲ್ಲಿಸಬಾರದು. ಕ್ಲೋನಿಡಿನ್ ಥಟ್ಟನೆ ಬಿಟ್ಟರೆ ಬಿಪಿ ಅಪಾಯದ ಮಟ್ಟಕ್ಕೆ ಏರಬಹುದು.

ಮಾತ್ರೆಯ ಹೊರತಾಗಿ ಸಕ್ಕರೆ ಕಾಯಿಲೆಯನ್ನು ಮೊದಲು ನೋಡಬೇಕು, ಅದರಲ್ಲೂ ಪದೇ ಪದೇ ಮೂತ್ರಕ್ಕೆ ಹೋಗುವವರು, ತೂಕ ಇಳಿಯುತ್ತಿರುವವರು. ಮೂಗು ಕಟ್ಟಿ ಬಾಯಲ್ಲೇ ಉಸಿರಾಡುವುದು, ಗೊರಕೆ, ಹೊಗೆಸೊಪ್ಪು ಕೂಡ ಕಾರಣ. ಬಾಯಿಯ ಜೊತೆಗೆ ಕಣ್ಣೂ ಒಣಗಿ ಮರಳು ಬಿದ್ದಂತೆ ಚುಚ್ಚುತ್ತಿದ್ದರೆ, ಕೀಲುಗಳೂ ನೋಯುತ್ತಿದ್ದರೆ ಷೋಗ್ರೆನ್ ಕಾಯಿಲೆಯ ಪರೀಕ್ಷೆ ಬೇಕು. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಷೋಗ್ರೆನ್ 1933ರಲ್ಲಿ ವಿವರಿಸಿದ ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ಶಕ್ತಿಯೇ ಜೊಲ್ಲಿನ ಮತ್ತು ಕಣ್ಣೀರಿನ ಗ್ರಂಥಿಗಳನ್ನು ಕೆಡಿಸುತ್ತದೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರಿಗೂ ಈ ತೊಂದರೆ ವರ್ಷಗಟ್ಟಲೆ ಉಳಿಯಬಹುದು.

ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ಹಿರಿಯರು ನಮ್ಮ ಮನೆಗಳಲ್ಲಿ ಬಹಳ. ನಿದ್ದೆಯಲ್ಲಿ ಎಲ್ಲರಿಗೂ ಜೊಲ್ಲು ಹೆಚ್ಚುಕಡಿಮೆ ನಿಂತೇ ಹೋಗುವುದರಿಂದ ಬೆಳಗಿನ ಜಾವ ಬಾಯಿ ಒಣಗಿರುವುದು ಸಹಜ. ಬೆಳಿಗ್ಗೆ ಕಾಯಿಸಿ ಆರಿಸಿದ ನೀರು ಕುಡಿದ ಮೇಲೆ ಸರಿಹೋದರೆ ಚಿಂತೆಯಿಲ್ಲ. ದಿನವಿಡೀ ಆರುತ್ತಿದ್ದರೆ ಮಾತ್ರ ನಿಯಮದ ಮೇಲೆ ಹಾಕಿ ಕೂರಬಾರದು. ಇನ್ನೊಂದು ವಿಷಯ: ಚೀಟಿಯಲ್ಲಿ ‘ರಾತ್ರಿ ಊಟದ ನಂತರ’ ಎಂದಿರುವ ಮಾತ್ರೆಯನ್ನು ನಿಯಮದವರು ಸಂಜೆ ಐದೂವರೆಗೇ ನುಂಗಿರುತ್ತಾರೆ, ಕೆಲವರು ಮಧ್ಯಾಹ್ನದ್ದನ್ನೂ ಅದರ ಜೊತೆಗೇ ಸೇರಿಸಿ. ವೈದ್ಯರಿಗೆ ಇದು ತಿಳಿದಿರುವುದಿಲ್ಲ. ನಿಯಮದ ವಿಷಯ ಸಂಕೋಚವಿಲ್ಲದೆ ಹೇಳಿದರೆ ಹೊತ್ತು ಬದಲಿಸಿಕೊಡಲು, ಕೆಲವೊಮ್ಮೆ ಮಾತ್ರೆಯನ್ನೇ ಬದಲಿಸಲು ಅವರಿಗೆ ದಾರಿಯಿರುತ್ತದೆ. ನೀರು ಇಳಿಸುವ ಮಾತ್ರೆಯವರು, ಸಕ್ಕರೆ ಕಾಯಿಲೆಯವರು ನಿರ್ಜಲ ಉಪವಾಸಕ್ಕೆ ಮುಂಚೆ ಕೇಳಲೇಬೇಕು.

ಉಪಶಮನಕ್ಕೆ ಹಗಲು ಹೊತ್ತು ಒಂದೇ ಸಲ ಚೊಂಬು ನೀರು ಕುಡಿಯುವುದಕ್ಕಿಂತ ಗುಟುಕು ಗುಟುಕಾಗಿ ಬಾಯಲ್ಲಿ ಆಡಿಸಿ ನುಂಗುವುದು ಒಳ್ಳೆಯದು. ಊಟದಲ್ಲಿ ಸಾರು, ಮಜ್ಜಿಗೆ, ತೊವ್ವೆ ಇರಲಿ. ಏಲಕ್ಕಿ ಅಗಿದರೆ, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜಗಿದರೆ ಉಳಿದಿರುವ ಗ್ರಂಥಿಗಳು ಕೆಲಸ ಮಾಡುತ್ತವೆ. ಕಲ್ಲುಸಕ್ಕರೆ, ಹುಣಸೆ ಮಿಠಾಯಿ, ನಿಂಬೆ ಚೀಪುವುದು ಬೇಡ. ಜೊಲ್ಲಿಲ್ಲದ ಬಾಯಲ್ಲಿ ಸಿಹಿ, ಹುಳಿ ಎರಡೂ ಹಲ್ಲನ್ನು ತಿನ್ನುತ್ತವೆ. ಜೇನು ಹಚ್ಚಿ ಎನ್ನುವವರೂ ಇದ್ದಾರೆ. ನಮಗೆ ಅದು ಮೊದಲೇ ವರ್ಜ್ಯ, ಹಲ್ಲಿಗೂ ಒಳ್ಳೆಯದಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬಾಯನ್ನು ಇನ್ನಷ್ಟು ಒಣಗಿಸುತ್ತದೆ.

ಔಷಧಿ ಅಂಗಡಿಯಲ್ಲಿ ಕೃತಕ ಜೊಲ್ಲು ಸಿಗುತ್ತದೆ. ಕೊಳ್ಳುವಾಗ ಚೀಟಿ ಓದಬೇಕು: ಕೆಲವು ಬಗೆಗಳಲ್ಲಿರುವ ಮ್ಯೂಸಿನ್ ಹಂದಿಯ ಜಠರದಿಂದ ತೆಗೆದದ್ದು. ಸಸ್ಯಮೂಲದ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಬಗೆಗಳೂ ಇವೆ, ಅದನ್ನೇ ಕೇಳಿ ತರಬಹುದು. ಚೂಯಿಂಗ್ ಗಮ್‌ನಲ್ಲಿ ಜೆಲಾಟಿನ್ ಇದೆಯೇ ಎಂದೂ ನೋಡಿಕೊಳ್ಳಬೇಕು. ಗ್ರಂಥಿಯನ್ನು ಪ್ರಚೋದಿಸುವ ಪೈಲೋಕಾರ್ಪಿನ್ ಎಂಬ ಮಾತ್ರೆ ವೈದ್ಯರು ಬರೆದರೆ ಮಾತ್ರ. ಉಬ್ಬಸ ಇರುವವರಿಗೆ ಅದು ಆಗದು.

ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಹಲ್ಲುಜ್ಜಬೇಕು, ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದಿಡಬೇಕು. ದವಡೆ ಅಥವಾ ಕಿವಿಯ ಮುಂದೆ ಊತ, ನಾಲಿಗೆಯ ಮೇಲೆ ಬಿಳಿ ಮಚ್ಚೆ, ನುಂಗಲು ಕಷ್ಟ, ವಾಸಿಯಾಗದ ಹುಣ್ಣು - ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು, ಮಾತ್ರೆಗಳ ಚೀಲದ ಸಮೇತ.