ಸೋತ ತೋಳಿಗೆ ಆಟದ ಚಿಕಿತ್ಸೆ

ಆಟವಾಡಿ ಕಾಲಹರಣ ಮಾಡಬೇಡಿರೆಂದು ಮಕ್ಕಳನ್ನು ಗದರುವ ನಾವೇ, ಆಟವನ್ನು ಚಿಕಿತ್ಸೆಯಾಗಿ ವಿಧಿಸುವ ಕಾಲವನ್ನು ಕಾಣುತ್ತಿದ್ದೇವೆ. ಪಾರ್ಶ್ವವಾಯು ಬಡಿದು ತೋಳು ಸೋತವರನ್ನು ಯಂತ್ರದೆದುರು ಕುಳ್ಳಿರಿಸಿ, ತೆರೆಯ ಮೇಲೆ ತೋರುವ ಚೆಂಡನ್ನು ಹಿಡಿಯಿರಿ, ಹಣ್ಣನ್ನು ಕೊಯ್ಯಿರಿ ಎನ್ನುವ ಈ ಪದ್ಧತಿಗೆ ‘ವರ್ಚುವಲ್ ರಿಯಾಲಿಟಿ’ ಎಂದು ಹೆಸರು. ಇಲ್ಲದುದನ್ನು ಇರುವಂತೆ ತೋರಿಸುವ ಮಾಯಾಲೋಕವೆಂದು ತಿಳಿದರೆ ಸಾಕು.

ಇದರ ಮರ್ಮವಿರುವುದು ಮಿದುಳಿನಲ್ಲಿ. ಅಲ್ಲಿಯ ರಕ್ತನಾಳವು ಕಟ್ಟಿಕೊಂಡರೆ ಇಲ್ಲವೆ ಒಡೆದರೆ ಆ ಭಾಗದ ಜೀವಕಣಗಳು ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಸೋಲುವುದು ಬಲಗೈ. ಕೈಯ ಎಲುಬಿಗಾಗಲಿ ಸ್ನಾಯುವಿಗಾಗಲಿ ಪೆಟ್ಟಾಗಿರುವುದಿಲ್ಲ. ಅಪ್ಪಣೆ ಕೊಡುವ ಒಡೆಯನೇ ಇಲ್ಲವಾಗಿರುತ್ತಾನೆ. ಸತ್ತ ಕಣಗಳು ಮರಳಿ ಬಾರವು. ಆದರೆ ನೆರೆಯ ಕಣಗಳು ಅವುಗಳ ಕೆಲಸವನ್ನು ಸ್ವಲ್ಪಮಟ್ಟಿಗೆ ಕಲಿಯಬಲ್ಲವೆಂಬುದನ್ನು ಅಮೆರಿಕದ ರಾಂಡಾಲ್ಫ್ ನೂಡೋ ಮತ್ತು ಸಂಗಡಿಗರು 1996ರಲ್ಲಿ ಮಂಗಗಳ ಮೇಲಿನ ಪ್ರಯೋಗದಿಂದ ತೋರಿಸಿದರು.

ಈ ಕಲಿಕೆ ಒಂದೆರಡು ಸಲಕ್ಕೆ ಕೈಗೂಡುವುದಲ್ಲ. ಮಗ್ಗಿಯನ್ನು ಬಾಯಿಗೆ ತಂದುಕೊಂಡ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಾಣಿಗಳ ಪ್ರಯೋಗಗಳಲ್ಲಿ ಒಂದು ಚಲನೆಯನ್ನು ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ಅಮೆರಿಕ, ಕೆನಡಾಗಳ ಚಿಕಿತ್ಸಾಲಯಗಳಲ್ಲಿ ರೋಗಿಗಳು ಕೈಯಿಂದ ಉಪಯುಕ್ತ ಚಲನೆಗಳನ್ನು ಎಷ್ಟು ಸಲ ಮಾಡುತ್ತಾರೆಂದು ಎಣಿಸಿ ನೋಡಿದಾಗ (ಈ ಎಣಿಕೆ ಪ್ರಕಟವಾದುದು 2009ರಲ್ಲಿ) ಒಂದು ಸರದಿಗೆ ದೊರೆತ ಸರಾಸರಿ ಕೇವಲ 32! ಬರಿದೆ ಕೈಯೆತ್ತಿ ಇಳಿಸುವುದು ಯಾರಿಗಾದರೂ ಬೇಸರವೇ. ಚೆಂಡು ತಪ್ಪಿದರೆ ಇನ್ನೊಮ್ಮೆ, ಅಂಕ ಹೆಚ್ಚಿದರೆ ಮತ್ತೊಮ್ಮೆ ಎಂದು ಎಣಿಕೆಯನ್ನೇ ಮರೆಸುವುದು ಆಟದ ಗುಣ.

ಹಾಗಾದರೆ ಯಂತ್ರವೇ ಮೇಲೆ? ಕೆನಡಾದ ವೈದ್ಯರ ನೇತೃತ್ವದಲ್ಲಿ ನಾಲ್ಕು ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 141 ರೋಗಿಗಳಿದ್ದರು. ಎಂದಿನ ಚಿಕಿತ್ಸೆಯ ಜೊತೆಗೆ ಕೆಲವರು ನಿಂಟೆಂಡೊ ವೀ ಯಂತ್ರದಲ್ಲಿ ಆಡಿದರು. ಉಳಿದವರು ಇಸ್ಪೀಟು, ಬಿಂಗೊ ಮೊದಲಾದ ಸಾದಾ ಆಟಗಳನ್ನಾಡಿದರು. ಎರಡು ವಾರಗಳಲ್ಲಿ ಒಂದೊಂದು ಗಂಟೆಯ ಹತ್ತು ಸರದಿಗಳು. ಎರಡು ಗುಂಪಿನವರ ಕೈಗಳೂ ಸುಧಾರಿಸಿದವು, ಯಂತ್ರದವರು ಮುಂದಾಗಲಿಲ್ಲ. ಈ ಫಲಿತಾಂಶ ನಮಗೆ ನಿರಾಶೆಯ ಬದಲು ಸಮಾಧಾನವನ್ನೇ ತಂದಿತು, ಏಕೆಂದರೆ ಇಸ್ಪೀಟಿನ ಕಟ್ಟು ಎಲ್ಲ ಮನೆಗಳಿಗೂ ಎಟಕುವಂಥದು. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2017ರ ವಿಮರ್ಶೆಯೂ, ಎಂದಿನ ಚಿಕಿತ್ಸೆಗೆ ಬದಲಾಗಿ ಅಲ್ಲ, ಅದರೊಡನೆ ಸೇರಿಸಿ ಅಭ್ಯಾಸದ ಹೊತ್ತನ್ನು ಹೆಚ್ಚಿಸಿದಾಗ ಯಂತ್ರದಾಟದಿಂದ ಉಪಯೋಗವಾದೀತೆಂದು ಹೇಳಿತು.

ಆಟ ಯಾವುದೇ ಆಗಲಿ, ಒಂದು ಮೋಸವನ್ನು ಗಮನಿಸಬೇಕು. ಮೊಣಕೈ ಚಾಚಲಾರದವರು ಮೈಯನ್ನೇ ಮುಂದಕ್ಕೆ ಬಾಗಿಸಿ ಗುರಿ ಮುಟ್ಟುತ್ತಾರೆ. ಯಂತ್ರವು ಅದಕ್ಕೂ ಅಂಕ ಕೊಟ್ಟುಬಿಡಬಹುದು. ತಜ್ಞರ ಕಣ್ಣು ಕೊಡದು. ಆದ್ದರಿಂದ ಮೊದಲು ಅವರನ್ನು ಕಂಡು, ಯಾವ ಚಲನೆ, ಎಷ್ಟು ಹೊತ್ತು ಎಂಬುದನ್ನು ಕೇಳಿ ತಿಳಿಯತಕ್ಕದ್ದು. ಅಜ್ಜನನ್ನು ಏಳಿಸುವಾಗ ಸೋತ ಕೈಯನ್ನು ಹಿಡಿದೆಳೆಯಬಾರದು, ಭುಜದ ಕೀಲು ಸಡಿಲಗೊಂಡಿರುತ್ತದೆ. ಆಟಕ್ಕೆ ಕುಳಿತಾಗ ಎಲೆಯನ್ನು ಆ ಕೈಯಿಂದಲೇ ಎತ್ತಲಿ. ತಡವಾದರೂ ಮೊಮ್ಮಕ್ಕಳು ಕಾದಿರಲಿ.